ಖಂಡೆ ಪೂಜೆಗಿಟ್ಟ ಪಾಸ್‌ಪೋರ್ಟ್

ದೇವರ ಮುಂದೆ ಇಟ್ಟದ್ದು ಆ ಒಂದು ರಾತ್ರಿ ದೇವರದು. ಮಾನೌಮಿಯ ದಿನ ಖಂಡೆ ಪೂಜೆಗೆ, ಎಂದರೆ ಆಯುಧ ಪೂಜೆಗೆ, ಹಲಗೆ ಏರಿದ ಕುಡಗೋಲು, ಕೊಡಲಿ, ಕುರುಪಿ ಮರುದಿನ ಬನ್ನಿ ಮುಡಿಯುವ ತನಕ ಕೆಳಗಿಳಿಯುವುದಿಲ್ಲ. ಮನೆಯ ಯಜಮಾನನೂ ಅವನ್ನು ಮುಟ್ಟುವ ಹಾಗಿಲ್ಲ. ಬಾದಾಮಿ ಕಡೆಯ ಊರು ಬಿಟ್ಟು ಗೋವಾದ ವಾಸ್ಕೋದಲ್ಲಿರುವ ಮಾಂಗೋರ್ ಗುಡ್ಡಕ್ಕೆ ಬಂದ ಮೇಲೆ ಬಾಲಪ್ಪ, ಅವನ ಹೆಂಡತಿ ಹುಲಿಗೆವ್ವ ಎಷ್ಟೋ ಬಿಟ್ಟರು, ಈ ಪದ್ಧತಿಯನ್ನು ಮಾತ್ರ ಬಿಡಲಿಲ್ಲ.

ಗುಡ್ಡದ ಮನೆಯಲ್ಲಿ ಹಲಗೆ ಏರುವ ಸಾಮಾನು ಬೇರೆ, ಅಷ್ಟೆ. ಬಾಲಪ್ಪ ಬಂದರಿನಲ್ಲಿ ಚೀಲ ಎಳೆಯುತ್ತಿದ್ದ ಕಾಲದ ಕಬ್ಬಿಣದ ಕೊಕ್ಕೆ. ಮಗ ಭೀಮಶಿಯ ಪಾನಾ. ಬೋಗ್ಮಾಳೊ ಕಡೆಯ ಬಾಡಿಗೆ ಮನೆಗಳಲ್ಲಿ ಪಂಪು, ನಲ್ಲಿ ರಿಪೇರಿ ಅವನ ಕೆಲಸ. ಹುಲಿಗೆವ್ವನ ರೊಟ್ಟಿ ಹಂಚು. ಒಂಟಿಯಾಗಿರುವ ಕೂಲಿಯವರಿಗೆ ಅವಳು ದಿನಾ ರೊಟ್ಟಿ ಬಡಿದು ಕೊಡುತ್ತಾಳೆ. ಮಗಳು ಅಶ್ವಿನಿಯ ಬಿ.ಕಾಂ. ಪುಸ್ತಕ.

ಸೊಸೆಗೆ ಮಾತ್ರ ಇಡಲು ಏನೂ ಇರಲಿಲ್ಲ.

ಸೊಸೆ ಇರಿನಾ ರಷ್ಯಾದವಳು. ಮಂಜು ಬೀಳುವ ಊರಿನಿಂದ ಚಳಿಗಾಲ ಕಳೆಯಲು ಬಂದವಳ ಬಾಡಿಗೆ ಮನೆಯ ಪಂಪು ಮೂರು ಸಲ ಕೆಟ್ಟಿತು. ಮೂರು ಸಲವೂ ಭೀಮಶಿ ಹೋದ. ನಾಲ್ಕನೆಯ ಸಲ ಪಂಪು ಕೆಡದೆಯೂ ಹೋದ. ವಾಸ್ಕೋದಲ್ಲೇ ಮದುವೆ ನೋಂದಣಿಯಾಯಿತು, ಮರುವರ್ಷ ನೀಲಾ ಹುಟ್ಟಿದಳು. ಇರಿನಾ ಎನ್ನಲು ಹುಲಿಗೆವ್ವನ ನಾಲಿಗೆ ಹೊರಳಲಿಲ್ಲ. ಹೊಸಿಲು ತುಳಿದ ದಿನವೇ ಆಕೆ ಈರವ್ವ ಆದಳು.

“ಅತ್ತಿ, ನಂದು?” ಎಂದು ಆ ವರ್ಷ ಇರಿನಾ ಹಲಗೆಯ ಕಡೆ ಕೈ ತೋರಿಸಿ ಕೇಳಿದಳು. ಎರಡು ತುಂಬುತ್ತ ಬಂದ ಕೂಸು ಅವಳ ಕಂಕುಳಲ್ಲಿತ್ತು.

“ನಿಂದೇನೈತವ್ವಾ? ಕೆಲಸ ಮಾಡಬ್ಯಾಡ ಅಂತ ನಿನ್ನ ವೀಸಾದಾಗ ಬರದಾರಂತಲ್ಲ,” ಎಂದಳು ಹುಲಿಗೆವ್ವ.

“ವೈನಿ ನಾಲಿಗಿ ಇಡೂಣಂತ,” ಎಂದು ಅಶ್ವಿನಿ ಅತ್ತಿಗೆಯನ್ನು ಕೆಣಕಿದಳು. “ಅಣ್ಣನ ಮ್ಯಾಲ ನಡಿಯೂ ಆಯುಧ ಅದೊಂದ.”

ಎಲ್ಲರೂ ನಕ್ಕರು. ಇರಿನಾ ಒಳಗೆ ಹೋಗಿ, ಟ್ರಂಕಿನ ತಳದಿಂದ ತನ್ನ ಕೆಂಪು ಪಾಸ್‌ಪೋರ್ಟ್ ತಂದಳು.

“ಇದು ಇಡ್ರಿ. ಇದು ಇಲ್ಲಂದ್ರ ನಾ ಇಲ್ಲಿ ಇಲ್ಲ.”

ಹುಲಿಗೆವ್ವನಿಗೆ ಆ ಮಾತು ಬಹಳ ಹಿಡಿಸಿತು. ಪಾಸ್‌ಪೋರ್ಟನ್ನು ಕಣ್ಣಿಗೊತ್ತಿಕೊಂಡು ಹಂಚಿನ ಪಕ್ಕದಲ್ಲಿಟ್ಟಳು. ಮೊದಲು ಫೋಟೋದ ಪುಟ ತೆರೆದು, ಫೋಟೋದೊಳಗಿನ ಸೊಸೆಯ ಹಣೆಗೆ ಕುಂಕುಮ ಹಚ್ಚಿದಳು. “ಬರೇ ಹಣಿ ಇರಬಾರದು, ಮುತ್ತೈದಿ,” ಎಂದಳು. ಆಮೇಲೆ ವೀಸಾದ ಪುಟ ಬಿಡಿಸಿ, ಕಲಸಿದ ಅರಿಸಿನದಲ್ಲಿ ದೊಡ್ಡದೊಂದು ಬೊಟ್ಟಿಟ್ಟು ಎರಡು ಸೇವಂತಿಗೆ ಹೂ ಏರಿಸಿದಳು. ಬಾಲಪ್ಪ ಕೊಕ್ಕೆಯ ಮೇಲೆಯೇ ಕಾಯಿ ಒಡೆದ. ಆ ಸಲದ ಕಾಯಲ್ಲಿ ನೀರು ಬಹಳವಿತ್ತು. ಹಲಗೆಯ ತುಂಬ ಹರಿಯಿತು.

ಅಶ್ವಿನಿ ಸದ್ದಿಲ್ಲದೆ ತನ್ನ ಪುಸ್ತಕವನ್ನು ಹಿಂದಕ್ಕೆ ಸರಿಸಿದಳು. ಇರಿನಾ ಕೈ ಚಾಚಿದಳು. “ಅತ್ತಿ, ನೀರು ಹೋಗಾಕತ್ತೈತಿ...”

ಹುಲಿಗೆವ್ವ ಆ ಕೈ ಹಿಡಿದಳು. “ಇವತ್ತು ಮುಟ್ಟಬಾರದವ್ವಾ. ದೇವರು ಕುಂತಾನ. ನಾಳಿ ಬನ್ನಿ ಮುಡದ ಮ್ಯಾಲ ಎತ್ತಿಕೋ.”

ಇರಿನಾ ಕೈ ಹಿಂದೆಗೆದಳು. ಅತ್ತೆಯ ಮನೆಯ ದೇವರು ಏಳುವ ತನಕ ಕಾಯುವುದು ಸೊಸೆಯ ಧರ್ಮವೆಂದು ಅವಳಿಗೆ ಈ ಮನೆಯವರೇ ಕಲಿಸಿದ್ದರು.

ಮರುದಿನ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೂಣು ಎಂದು ಒಬ್ಬರಿಗೊಬ್ಬರು ಕೈಮುಗಿದರು. ಆಮೇಲೆ ಹಲಗೆಯ ಸಾಮಾನು ಇಳಿಸಿದರು. ಕೊಕ್ಕೆ, ಪಾನಾ, ಹಂಚು ಒರೆಸಿದರೆ ಮುಗಿಯಿತು. ಪಾಸ್‌ಪೋರ್ಟಿನ ಹಾಳೆಗಳು ಊದಿಕೊಂಡು ಒಂದಕ್ಕೊಂದು ಅಂಟಿದ್ದವು. ವೀಸಾದ ಪುಟ ಇಡೀ ಹಳದಿಯಾಗಿತ್ತು.

“ಲಿಂಬಿಹಣ್ಣು ಹಚ್ಚಿ ಒರಸು, ಹೋಗತೈತಿ,” ಎಂದ ಬಾಲಪ್ಪ.

ಲಿಂಬೆಹಣ್ಣು ಹಚ್ಚಿದರು. ಹೋಗಲಿಲ್ಲ.

“ಹಗೂರಕ ಸಬಕಾರ ಹಚ್ಚಿ ನೋಡು ಯವ್ವಾ,” ಎಂದಳು ಅಶ್ವಿನಿ.

ಹುಲಿಗೆವ್ವ ಒದ್ದೆ ಬಟ್ಟೆಗೆ ಸಾಬೂನು ಉಜ್ಜಿ ಪುಟದ ಮೇಲೆ ಆಡಿಸಿದಳು. ಸಾಬೂನು ತಾಗಿದ್ದೇ ಅರಿಸಿನ ಕೆಂಪಗಾಯಿತು. ಗಾಬರಿಯಾಗಿ ಇನ್ನಷ್ಟು ತಿಕ್ಕಿದಳು. ದೇಶದೊಳಗೆ ಬಂದ ದಿನ ಒತ್ತಿದ ಮೊಹರು ನೀಲಿ ನೀರಾಗಿ ಬಟ್ಟೆಗೆ ಬಂತು. ವೀಸಾದ ಚೀಟಿ ಒಂದು ಮೂಲೆಯಿಂದ ಎದ್ದು ನಿಂತಿತು.

“ಸಾಕು ಬಿಡವ್ವಾ,” ಎಂದ ಭೀಮಶಿ. ಇರಿನಾ ಪಾಸ್‌ಪೋರ್ಟನ್ನು ಕಿಟಕಿಯ ಬಿಸಿಲಿಗಿಟ್ಟು, ಮಗುವಿಗೆ ಎರೆಯಲು ಹೋದಳು.

ಅವಳ ವೀಸಾ ದೀಪಾವಳಿಯಾದ ತಿಂಗಳಿಗೆ, ಛಟ್ಟಿ ಅಮಾವಾಸ್ಯೆಯ ಸುಮಾರಿಗೆ ಮುಗಿಯುವುದಿತ್ತು. ಪ್ರತಿ ವರ್ಷದ ಹಾಗೆ ಮುಂದಕ್ಕೆ ಹಾಕಿಸಬೇಕು. ಶೀಗಿ ಹುಣ್ಣಿಮೆ ಕಳೆದ ಮೇಲೆ ಅಶ್ವಿನಿ ಮೊಬೈಲಿನಲ್ಲಿ ಪುಟಗಳ ಫೋಟೋ ತೆಗೆದು ಅರ್ಜಿ ಹಾಕಿದಳು. ಕೆಲವು ದಿನಗಳಲ್ಲಿ ಉತ್ತರ ಬಂತು: ಪಾಸ್‌ಪೋರ್ಟ್ ಸಮೇತ ಪಣಜಿಯ ಕಚೇರಿಗೆ ಬರಬೇಕು.

ಹುಲಿಗೆವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಅಂದಿನ ರೊಟ್ಟಿಯನ್ನು ನಸುಕಿನಲ್ಲೇ ಬಡಿದು, ಪಕ್ಕದ ಮನೆಯ ಹುಸೇನಬಿಗೆ ಹಂಚಲು ಒಪ್ಪಿಸಿ, ಕದಂಬ ಬಸ್ಸು ಹತ್ತಿದಳು. ಮಡಿಲಲ್ಲಿ ಅಧಿಕಾರಿಗೆಂದು ಶೇಂಗಾ ಹೋಳಿಗೆಯ ಗಂಟಿತ್ತು.

“ಅದನ್ನ ಅಲ್ಲಿ ಬಿಚ್ಚಬ್ಯಾಡ. ಲಂಚ ಅಂತಾರ,” ಎಂದ ಭೀಮಶಿ.

“ಹೋಳಿಗಿ ಯಾವಾಗಿಂದ ಲಂಚ ಆತೋ?”

“ಕಚೇರ್ಯಾಗ ಎಲ್ಲಾ ಲಂಚನ.”

ಅಧಿಕಾರಿ ನಡುವಯಸ್ಸಿನವರು. ಕೊಂಕಣಿ ಬೆರೆತ ಹಿಂದಿ ಅವರದು. ಪಾಸ್‌ಪೋರ್ಟಿನ ಪುಟಗಳನ್ನು ಒಂದೊಂದಾಗಿ ಬಿಡಿಸಿ, ಕೆಂಪಾದ ಪುಟದ ಮೇಲೆ ಬೆರಳಿಟ್ಟು ಕೇಳಿದರು: “ಇದನ್ನು ತೊಳೆದವರು ಯಾರು?”

ಭೀಮಶಿ ತಾಯಿಗೆ ಕನ್ನಡದಲ್ಲಿ ತಿಳಿಸುವ ಮೊದಲೇ ಅವಳಿಗೆ ಅರ್ಥವಾಗಿತ್ತು. “ನಾನ್ರಿ ಸಾಹೇಬ್ರ. ಖಂಡೆ ಪೂಜಿ ಮಾಡಿದ್ವಿ. ಬೊಟ್ಟ ಹಚ್ಚಿದ್ದು ನಾನ, ತೊಳದದ್ದೂ ನಾನ. ಆಕೀದೇನೂ ಇಲ್ರಿ. ಬರಕೊಳ್ಳೂದಿದ್ರ ನನ್ನ ಹೆಸರು ಬರಕೋರಿ.”

ಭೀಮಶಿ ಹಿಂದಿಯಲ್ಲಿ ಹೇಳಿದ. ಅಧಿಕಾರಿ ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮ ಮನೆಯಲ್ಲೂ ದಸರೆಗೆ ಪೂಜೆ ಇದೆ ತಾಯಿ. ಸ್ಕೂಟರಿಗೆ ಹೂವು ಹಾಕುತ್ತೇವೆ. ಪಾಸ್‌ಪೋರ್ಟಿಗೆ ಯಾರೂ ಕಾಯಿ ಒಡೆಯುವುದಿಲ್ಲ.” ಆಮೇಲೆ ಭೀಮಶಿಯ ಕಡೆ ತಿರುಗಿದರು. “ಅವಳು ಬಂದ ತಾರೀಖು ನಮ್ಮ ಕಂಪ್ಯೂಟರಿನಲ್ಲಿದೆ, ಅದಕ್ಕೆ ಚಿಂತೆಯಿಲ್ಲ. ಆದರೆ ಅಳಿಸಿದ, ಕಿತ್ತ ಪಾಸ್‌ಪೋರ್ಟಿನ ಮೇಲೆ ನಾನು ಅವಧಿ ಮುಂದೂಡುವ ಹಾಗಿಲ್ಲ. ಹೊಸ ಪಾಸ್‌ಪೋರ್ಟ್ ತರಲಿ.”

“ಹೊಸದು ಸಿಗಲಿಕ್ಕೆ ತಡವಾದರೆ?”

“ಸ್ವಲ್ಪ ದಿನ ಕೊಡಿಸಲು ನೋಡುತ್ತೇನೆ. ಬಹಳ ದಿನ ನನ್ನ ಕೈಯಲ್ಲಿಲ್ಲ.”

ಹುಲಿಗೆವ್ವ ಹೋಳಿಗೆಯ ಗಂಟು ಬಿಚ್ಚಲೇ ಇಲ್ಲ. ಬಸ್ಸಿನಲ್ಲಿ ನೀಲಾ ಅದರಲ್ಲಿ ಅರ್ಧ ತಿಂದಳು.

ದೀಪಾವಳಿ ಮುಗಿದ ವಾರ ಭೀಮಶಿ ಮತ್ತು ಇರಿನಾ ಕೂಸನ್ನು ಕಟ್ಟಿಕೊಂಡು ರೈಲಿನಲ್ಲಿ ಮುಂಬೈಗೆ ಹೋಗಿಬಂದರು. ಅಲ್ಲಿ ಅವಳ ದೇಶದ ಕಚೇರಿಯವರು ಮರ್ಯಾದೆಯಿಂದಲೇ ಮಾತಾಡಿದರು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು, ಬರುವುದು ಬೇಸಿಗೆಗೆ. ಬೇಗ ಬೇಕೆಂದರೆ ಒಂದು ಕಾಗದ ಕೊಡುತ್ತಾರೆ. ಆ ಕಾಗದ ಹಿಡಿದು ಊರಿಗೆ ಹೋಗಬಹುದು, ತಿರುಗಿ ಬರಲು ಆಗುವುದಿಲ್ಲ. ಅಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿ, ಅಲ್ಲಿಂದಲೇ ಹೊಸ ವೀಸಾ ಕೇಳಬೇಕು.

“ಮತ್ತ ಕೂಸು?” ಎಂದಳು ಹುಲಿಗೆವ್ವ. ಎಲ್ಲರ ತಾಟಿಗೆ ರೊಟ್ಟಿ, ಝುಣಕ ಹಾಕಿ ನಿಂತಿದ್ದಳು. ಯಾರೂ ಮುರಿದಿರಲಿಲ್ಲ.

“ಕೂಸು ಇಲ್ಲೀದು,” ಎಂದಳು ಅಶ್ವಿನಿ. “ವಾಸ್ಕೋದಾಗ ಹುಟ್ಟೈತಿ, ಅಪ್ಪ ನಮ್ಮಾಂವ. ವೈನಿ ಕಾಗದದ ಮ್ಯಾಲ ಅದು ಹೋಗಾಕ ಆಗೂದಿಲ್ಲ. ಅದಕ್ಕ ಅದರದ ಪಾಸ್‌ಪೋರ್ಟ್ ಬೇಕು, ಆಮ್ಯಾಲ ಆ ದೇಶದ ವೀಸಾ ಬೇಕು.”

“ಮಾಡಸೂಣು ಹಂಗಾರ.”

“ಮಾಡಸಾಕ ತಾಯಿ ಪಾಸ್‌ಪೋರ್ಟ್ ಕೇಳತಾರ ಯವ್ವಾ.”

ಬಾಲಪ್ಪ ತಾಟನ್ನು ಮುಂದಕ್ಕೆ ತಳ್ಳಿದ. “ಭೀಮಶಿ ಹೋಗಲಿ ಜೋಡಿಲೆ.”

“ನನಗೆಲ್ಲೈತಿ ಪಾಸ್‌ಪೋರ್ಟ್?” ಎಂದ ಭೀಮಶಿ. “ಅರ್ಜಿ ಹಾಕೇನಿ. ನನ್ನ ಆಧಾರದಾಗ ಬಾದಾಮಿ ವಿಳಾಸ, ಇರೂದು ಇಲ್ಲಿ. ಅಲ್ಲಿ ಪೊಲೀಸರು ಬಂದು ಕೇಳಿದ್ರ, ಇಲ್ಲಿ ಇಲ್ಲ ಗೋವಾದಾಗ ಅದಾನ ಅಂದಾರ ಊರವ್ರು. ಮತ್ತ ಮೊದಲಿಂದ ಮಾಡಬೇಕು.”

“ಖರೇ ಹೇಳ್ಯಾರ ಊರವ್ರು,” ಎಂದು ಬಾಲಪ್ಪ ನಿಟ್ಟುಸಿರುಬಿಟ್ಟ. “ಒಂದಿನ ಸುಳ್ಳು ಹೇಳಿದ್ರ ಏನಾಗತಿತ್ತು.”

ಆಮೇಲೆ ಜಗಳ ಹತ್ತಿತು. ಅಂದು ಹತ್ತಿದ ಜಗಳ ಆ ಮನೆಯಲ್ಲಿ ಬಹಳ ದಿನ ಒಲೆಯ ಕೆಂಡದ ಹಾಗೆ ಇತ್ತು. ಯಾರು ಊದಿದರೂ ಹೊತ್ತಿಕೊಳ್ಳುತ್ತಿತ್ತು.

“ಕಾಯಿ ಒಡದವ್ರು ನೀವು,” ಎಂದಳು ಹುಲಿಗೆವ್ವ ಗಂಡನಿಗೆ. “ಕೊಕ್ಕಿ ಮ್ಯಾಲ ಒಡೀಬೇಕಿತ್ತೇನು? ಕಲ್ಲ ಇರಲಿಲ್ಲ?”

“ಆಕಿ ಎತ್ತಿಕೊಳ್ಳಾಕ ಬಂದಾಗ ಕೈ ಹಿಡದಾಕಿ ಯಾರು? ನಾನ?”

“ಸಬಕಾರ ಹಚ್ಚು ಅಂದಾಕಿ ನಿಮ್ಮ ಕಾಲೇಜಿನ ಮಗಳು.”

“ಹಗೂರಕ ಅಂದಿದ್ದೆ ನಾ,” ಎಂದಳು ಅಶ್ವಿನಿ. “ಹಂಚು ತಿಕ್ಕಿದಂಗ ತಿಕ್ಕಂದಿದ್ನೇನು?”

“ನಿನ್ನ ಪುಸ್ತಕ ಮಾತ್ರ ಹಿಂದಕ ಸರಿಸಿದಿ. ನಾ ನೋಡೇನಿ,” ಎಂದ ಭೀಮಶಿ.

ಅಶ್ವಿನಿ ಎದ್ದು ಕೈತೊಳೆದಳು.

ಇರಿನಾ ಒಬ್ಬಳೇ ರೊಟ್ಟಿ ಮುರಿದು ಉಣ್ಣುತ್ತಿದ್ದಳು, ನಡುನಡುವೆ ಕೂಸಿನ ಬಾಯಿಗೆ ಝುಣಕ ಹಚ್ಚುತ್ತಿದ್ದಳು. “ಉಣ್ರಿ,” ಎಂದಳು. “ತಂಪಾತು.”

ಅಧಿಕಾರಿ ಮಾತು ಉಳಿಸಿಕೊಂಡರು. ಒಂದು ತಿಂಗಳು ಹೆಚ್ಚು ಸಿಕ್ಕಿತು. ಅದರ ಜೊತೆಗೇ, ಅಷ್ಟರೊಳಗೆ ದೇಶ ಬಿಡಬೇಕೆಂಬ ಮಾತೂ ಬಂತು. ದೇವರು ಬಾಗಿಲು ಮುಚ್ಚುವಾಗ ಕಿಂಡಿ ಇಡುತ್ತಾನೆ ಎನ್ನುತ್ತಾರೆ. ಹುಲಿಗೆವ್ವ ದಿನಾ ಸಂಜೆ ದೇವರ ಜಗಲಿಯ ಮುಂದೆ ಕುಳಿತು ಆ ಕಿಂಡಿಯನ್ನೇ ಬೇಡಿಕೊಂಡಳು. ತನ್ನ ಹೆಸರಿನ ದೇವಿ ಹುಲಿಗೆಮ್ಮನಿಗೆ ಉಡಿ ತುಂಬುವ ಹರಕೆ ಹೊತ್ತಳು. ಹುಸೇನಬಿ ದರ್ಗಾದಿಂದ ದಾರ ತಂದು ಇರಿನಾಳ ರಟ್ಟೆಗೆ ಕಟ್ಟಿದಳು. ಅತ್ತ ಮುಂಬೈಯಿಂದ ಹೊಸ ಸುದ್ದಿಯೇನೂ ಬರಲಿಲ್ಲ.

ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಮಾರಲು ಊರ ಕಡೆಯವರು ಬಂದಿದ್ದರು. ಹುಲಿಗೆವ್ವ ಮೊಮ್ಮಗಳಿಗೆ ಆರತಿಯ ತಾಟು ಹಿಡಿಸಿ ಓಣಿಯ ತುಂಬ ಕರೆದೊಯ್ದಳು. ತಿರುಗಿ ಬಂದವಳೇ ಬಾಗಿಲು ಮುಚ್ಚಿ, ಮೂಲೆಯಿಂದ ಎರಡು ಚೀಲ ಎಳೆದಳು. ಇರಿನಾಳ ಸೀರೆ, ಕೂಸಿನ ಅಂಗಿ, ರೊಟ್ಟಿಗೆ ಹಚ್ಚಿಕೊಳ್ಳುವ ಒಂದು ಡಬ್ಬಿ ಶೇಂಗಾ ಹಿಂಡಿ, ಎಲ್ಲ ಕಟ್ಟಿ ಆಗಿತ್ತು.

“ಬಾದಾಮಿ ಕಡೆ ಬಸ್ಸು ಐತಿ,” ಎಂದಳು. “ನನ್ನ ತಮ್ಮನ ತ್ವಾಟದ ಮನ್ಯಾಗ ಬಿಟ್ಟು ಬರತೇನಿ. ಅಲ್ಲಿ ಯಾ ಅಧಿಕಾರಿನೂ ಬರೂದಿಲ್ಲ. ಸೀರಿ ಉಟ್ಟು, ತಲಿ ಮ್ಯಾಲ ಸೆರಗು ಹೊತ್ರ ಯಾರಿಗೆ ತಿಳೀತೈತಿ?”

“ಬೆಳ್ಳನ ಮಾರಿಗೂ ಸೆರಗು ಹೊಚ್ಚತೀ ಏನು?” ಎಂದ ಬಾಲಪ್ಪ. ಹಾಗೆಂದರೂ ತಾನೇ ಎದ್ದು ಚೀಲದ ಬಾಯಿಗೆ ಇನ್ನೊಂದು ಗಂಟು ಹಾಕಿದ. “ಊರಾಗ ಕೇಳಿದ್ರ ತೊನ್ನು ಅಂತ ಹೇಳೂಣು. ಯಾರೂ ಸಮೀಪ ಬರೂದಿಲ್ಲ.”

ಭೀಮಶಿ ಒಮ್ಮೆ ಹೆಂಡತಿಯ ಮುಖ, ಒಮ್ಮೆ ಚೀಲ ನೋಡಿದ. “ಬ್ಯಾಸಗಿ ಮಟಾ ಅಲ್ಲಿ ಇದ್ದು, ಹೊಸಾ ಪಾಸ್‌ಪೋರ್ಟ್ ಬಂದ ಮ್ಯಾಲ...”

“ಬಂದ ಮ್ಯಾಲ ಏನು?” ಎಂದಳು ಅಶ್ವಿನಿ. “ಅವಧಿ ಮೀರಿ ಅಡಗಿ ಇದ್ರು ಅಂತ ಬರದ್ರ, ಆಮ್ಯಾಲ ವೀಸಾ ಕೊಡೂದ ಇಲ್ಲ. ಈಗ ಹೋದ್ರ ತಿರುಗಿ ಬರೂ ಆಸೆ ಐತಿ. ಅಡಗಿದ್ರ ಅದೂ ಇಲ್ಲ.”

“ನೀ ಕಾನೂನ ಓದಾಕ ಹೋಗಬೇಕಿತ್ತು, ನಮ್ಮ ಹೊಟ್ಟಿ ಉರಸಾಕ,” ಎಂದಳು ಹುಲಿಗೆವ್ವ. “ಹೋದಾಕಿಗೆ ಅವ್ರು ವೀಸಾ ಕೊಡತಾರಂತ ಯಾರು ಮಾತು ಕೊಟ್ಟಾರ?”

“ಯಾರೂ ಕೊಟ್ಟಿಲ್ಲ ಯವ್ವಾ.”

“ಎಂದ ಬರತಾಳಂತ?”

“ಗೊತ್ತಿಲ್ಲ.”

ಇರಿನಾ ಚೀಲ ಬಿಚ್ಚಿ, ಸೀರೆಗಳನ್ನು ತೆಗೆದು ಒಂದೊಂದಾಗಿ ಮಡಿಸಿ ಟ್ರಂಕಿಗೆ ಹಾಕತೊಡಗಿದಳು.

“ಅತ್ತಿ, ಓಡಿ ಹೋದ್ರ ನಾ ಕಳ್ಳಿ,” ಎಂದಳು. ಕನ್ನಡದ ಒಂದೊಂದೇ ಮಾತನ್ನು ಹುಡುಕಿ ಇಟ್ಟಳು. “ನೀಲಾಂದು ಅವ್ವ ಕಳ್ಳಿ ಆಗೂದು ಬ್ಯಾಡ. ನಾ ಹೋಗ್ತೇನಿ. ಬರ್ತೇನಿ.”

ಶೇಂಗಾ ಹಿಂಡಿಯ ಡಬ್ಬಿಯನ್ನು ಮಾತ್ರ ಟ್ರಂಕಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡಳು. “ಇದು ಒಯ್ತೇನಿ,” ಎಂದಳು.

ಅಲ್ಲಿಂದ ಮುಂದೆ ಮನೆಯಲ್ಲಿ ಜಗಳ ಕಡಿಮೆಯಾಗಿ ಕೆಲಸ ಹೆಚ್ಚಾಯಿತು. ಇರಿನಾ ಗಂಡನಿಗೆ ಕೂಸಿನ ಅಂಗಿ ಹಾಕುವುದನ್ನು, ತಲೆಗೆ ನೀರು ಹಾಕುವಾಗ ಕಣ್ಣಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿಸಿದಳು. ಅಶ್ವಿನಿ ಕಾಲೇಜಿನಿಂದ ಬೇಗ ಬಂದು ರಾಗಿ ಗಂಜಿ ಕಾಸಿ ಕೂಸಿಗೆ ಉಣಿಸಲು ಕುಳಿತುಕೊಳ್ಳುತ್ತಿದ್ದಳು. ಬಾಲಪ್ಪ ಅದನ್ನು ಭುಜದ ಮೇಲೆ ಕೂಡಿಸಿಕೊಂಡು ಬೈನಾದ ಕಡಲ ದಂಡೆಯ ತನಕ ತಿರುಗಾಡಿಸಿ ಬರುತ್ತಿದ್ದ. ಎಲ್ಲರ ಕೈಗೂ ಕೂಸು ಹೋಗುತ್ತಿತ್ತು, ಎಲ್ಲರ ಕೈಯಲ್ಲೂ ಉಣ್ಣುತ್ತಿತ್ತು. ನಿದ್ದೆ ಬಂದಾಗ ಮಾತ್ರ ತಾಯಿಯ ಎದೆಯೇ ಬೇಕು. ಅದೊಂದಕ್ಕೆ ಯಾರ ಕೈಯೂ ನಡೆಯಲಿಲ್ಲ.

ದೇಶ ಬಿಡುವ ಅನುಮತಿ ಪಣಜಿಯ ಕಚೇರಿಯಿಂದ ಬಂತು. ಊರಿಗೆ ಹೋಗುವ ಕಾಗದವೂ ಮುಂಬೈಯಿಂದ ಬಂತು. ದಾಬೋಳಿಯಿಂದ ಮಧ್ಯಾಹ್ನದ ವಿಮಾನಕ್ಕೆ ಟಿಕೀಟಾಯಿತು.

“ಮಲಿ ಬಿಡಸಿಲ್ಲೇನು ಇನ್ನೂ?” ಎಂದು ಹುಸೇನಬಿ ಬಾಗಿಲಲ್ಲಿ ನಿಂತು ಹುಲಿಗೆವ್ವನನ್ನು ಕೇಳಿದಳು. “ಹೋಗೂ ದಿನ ಬಿಡಸ್ತೀರೇನು? ಎಂಟ ದಿನ ಮೊದಲ ಬೇವು ಅರದು ಹಚ್ಚಬೇಕು, ತಂಗಿ. ಕಹಿ ಹತ್ತಿದ್ರ ಕೂಸು ತಾನ ಬಿಡತೈತಿ. ನಿನಗ ನಾ ಹೇಳಬೇಕೇನು?”

ಹುಲಿಗೆವ್ವನಿಗೆ ಗೊತ್ತಿತ್ತು. ತನ್ನ ಮಕ್ಕಳಿಗೆಲ್ಲ ಹಾಗೆಯೇ ಬಿಡಿಸಿದ್ದಳು. ಆದರೂ ದಿನಾ ಒಂದು ನೆವ ಹೇಳಿದಳು. ಇವತ್ತು ಸೋಮವಾರ, ಬೇಡ. ಇವತ್ತು ಕೂಸಿಗೆ ನೆಗಡಿ, ಬೇಡ. ಇವತ್ತು ಎಳೆಯ ಬೇವಿನ ಸೊಪ್ಪು ಇಲ್ಲ. ಅಶ್ವಿನಿ ಎರಡು ರಾತ್ರಿ ಕೂಸನ್ನು ತನ್ನ ಮಗ್ಗುಲಿಗೆ ಹಾಕಿಕೊಂಡು ನೋಡಿದಳು. ಅದರ ಅಳುವಿಗೆ ಇಡೀ ಓಣಿ ಎದ್ದು ಕುಳಿತುಕೊಂಡಿತು.

“ನಾ ಅರದ್ರ, ಆಕೀನ್ನ ನಾನ ಕಳಿಸಿದಂಗ ಆಗತೈತಿ,” ಎಂದು ಹುಲಿಗೆವ್ವ ಕೊನೆಗೆ ಗಂಡನ ಮುಂದೆ ಹೇಳಿದಳು.

“ಅರೀದಿದ್ರ ಹೋಗೂದು ನಿಲ್ಲತೈತೇನು?” ಎಂದ ಬಾಲಪ್ಪ. ಹೊರಗೆ ಹೋಗಿ, ಗುಡ್ಡದ ಕೆಳಗಿನ ಗಿಡದಿಂದ ಎಳೆಯ ಬೇವು ಹರಿದು ತಂದು ಒರಳ ಮೇಲಿಟ್ಟ.

ಹೊರಡುವ ದಿನದ ಮುಂಜಾನೆ ಹುಲಿಗೆವ್ವ ಬೇವು ಅರೆದಳು. ಅಂದು ಕೂಲಿಯವರಿಗೆ ರೊಟ್ಟಿ ಇಲ್ಲವೆಂದು ಹೇಳಿ ಕಳಿಸಿದ್ದಳು. ಸೊಸೆಗೆ ಮಾತ್ರ ಎರಡು ರೊಟ್ಟಿ, ಮೊಸರು ಕೊಟ್ಟು, ಉಂಡಾದ ಮೇಲೆ ಒಳಕೋಣೆಗೆ ಕರೆದಳು. ಇರಿನಾ ಪ್ರಯಾಣದ ಅಂಗಿ ತೊಟ್ಟಿದ್ದಳು. ಗುಂಡಿ ಬಿಚ್ಚಿ ಕುಳಿತಳು. ಹುಲಿಗೆವ್ವ ಬಟ್ಟಲಿನ ಹಸಿರು ಮುದ್ದೆಯನ್ನು ಬೆರಳಿನಿಂದ ತೆಗೆದು, ಎರಡೂ ಕಡೆ ಹಚ್ಚಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೂಸು ಕಣ್ಣು ತಿಕ್ಕುತ್ತ ಬಂದು ತಾಯಿಯ ತೊಡೆ ಏರಿತು. ಬಾಯಿ ಹಾಕಿತು. ಮುಖ ಕಿವುಚಿ ಬಿಟ್ಟಿತು. ಅಜ್ಜಿಯನ್ನು ನೋಡಿತು, ತಾಯಿಯನ್ನು ನೋಡಿತು.

“ಛೀ,” ಎಂದಳು ಹುಲಿಗೆವ್ವ. “ಕಹಿ ಆಗೈತಿ ನೋಡು. ಕಾಗಿ ಒಯ್ತು. ಬ್ಯಾಡ ಅದು.”

ಕೂಸು ತನ್ನ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿಯಿತು. ಅದರಿಂದ ತಾಯಿಯ ಎದೆಯ ಮೇಲಿನ ಹಸಿರನ್ನು ಒರೆಸಿತು. ಪೂರ್ತಿ ಹೋಗಲಿಲ್ಲ. ಮತ್ತೆ ಒರೆಸಿ, ಉಳಿದ ಕಹಿಯ ಮೇಲೆಯೇ ಬಾಯಿಟ್ಟು ಕುಡಿಯತೊಡಗಿತು. ಮುಖ ಕಿವುಚುತ್ತಲೇ ಇತ್ತು, ಕುಡಿಯುತ್ತಲೇ ಇತ್ತು.

ಇರಿನಾ ಅತ್ತೆಯ ಕಡೆ ನೋಡಿದಳು.

“ಕುಡೀಲಿ ಬಿಡು,” ಎಂದಳು ಹುಲಿಗೆವ್ವ.

ಹೊರಗೆ ಹುಸೇನಬಿಯ ಗಂಡ ಮೈಬೂಬಸಾಬನ ರಿಕ್ಷಾ ಬಂದು ನಿಂತಿತ್ತು. ಭೀಮಶಿ ಸೂಟಕೇಸು ಏರಿಸಿ ಬಾಗಿಲಿಗೆ ಬಂದ. ಒಳಗೆ ನೋಡಿ, ಹೋಗಿ ರಿಕ್ಷಾದಲ್ಲಿ ಕುಳಿತ. ಆಮೇಲೆ ಅಶ್ವಿನಿ ಬಂದಳು. ಅವಳೂ ತಿರುಗಿ ಹೋದಳು. ಬಾಲಪ್ಪ ಅಂಗಳದಲ್ಲಿ ಒಮ್ಮೆ ಕೆಮ್ಮಿದ. ಕೂಸಿನ ಕಣ್ಣುಗಳು ಮುಚ್ಚಿಕೊಂಡವು, ಬಾಯಿ ನಿಲ್ಲಲಿಲ್ಲ. ಏಳು ಎನ್ನುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಹುಲಿಗೆವ್ವ ಮೊಣಕಾಲೂರಿ ಸೊಸೆಯ ಎದುರು ಕುಳಿತಳು.

“ಏಳವ್ವಾ ಈರವ್ವಾ. ಹೊತ್ತಾತು.”

ಇರಿನಾ ಅಲುಗಲಿಲ್ಲ. ಹುಲಿಗೆವ್ವ ತನ್ನ ಕಿರುಬೆರಳನ್ನು ಕೂಸಿನ ತುಟಿಯ ಮೂಲೆಯಿಂದ ಮೆಲ್ಲಗೆ ಒಳಗೆ ಸರಿಸಿದಳು. ಹಿಡಿತ ಬಿಟ್ಟಿತು. ಇನ್ನೊಂದು ಕೈಯಿಂದ ಕೂಸನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಇರಿನಾ ಎದ್ದು, ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ನಡೆದಳು.

ಮೈಬೂಬಸಾಬ ಎಂಜಿನ್ ಹಚ್ಚಲಿಲ್ಲ. ರಿಕ್ಷಾವನ್ನು ಇಳಿಜಾರಿಗೆ ಹಾಗೆಯೇ ಬಿಟ್ಟ. ಅದು ಸದ್ದಿಲ್ಲದೆ ಗುಡ್ಡ ಇಳಿಯಿತು.

ಕೂಸಿಗೆ ಎಚ್ಚರವಾಗಲಿಲ್ಲ. ಬೇವು ಹತ್ತಿದ ಅಜ್ಜಿಯ ಬೆರಳನ್ನೇ ಬಿಗಿಯಾಗಿ ಹಿಡಿದು ಚೀಪುತ್ತಿತ್ತು. ಹುಲಿಗೆವ್ವ ಬೆರಳನ್ನು ಹಿಂದೆಗೆಯಲಿಲ್ಲ.